ಮಾತ್ರೆ ನುಂಗುವ ಮೊದಲು ಮಂಡಿ ನೀರು ತೆಗೆಸಿ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಅಣ್ಣನ ಸೊಸೆ ಇಂಗ್ಲೆಂಡಿಗೆ ಹೊರಟಿದ್ದಳು. ಗಂಡ ನಾಲ್ಕು ತಿಂಗಳ ಮೊದಲೇ ಹೋಗಿ ಕೆಲಸಕ್ಕೆ ಸೇರಿದ್ದ. ಜಗಲಿ ತುಂಬಾ ಸೂಟ್‌ಕೇಸು. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಮೂರು ಸುತ್ತು ಪ್ಲಾಸ್ಟಿಕ್, ಅದರ ಪಕ್ಕ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಮಾತ್ರೆಗಳು. ಜ್ವರದ್ದು, ಹೊಟ್ಟೆನೋವಿಂದು, ಸರಿ. ಅಡಿಯಲ್ಲಿ ಆರು ಸ್ಟ್ರಿಪ್ ಆಂಟಿಬಯಾಟಿಕ್.

"ಅಲ್ಲಿ ಡಾಕ್ಟರು ಸುಲಭಕ್ಕೆ ಕೊಡೋದಿಲ್ಲವಂತೆ ಅತ್ತೆ. ಅದಕ್ಕೆ ಶಿವಮೊಗ್ಗದಲ್ಲೇ ತಗೊಂಡು ಇಟ್ಕೊಂಡೆ" ಎಂದಳು.

ಅವಳಿಗೆ ಹತ್ತು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ. ಬಲ ಸೊಂಟದ ಕೀಲು ಬದಲಾಯಿಸಿ ಎರಡು ವರ್ಷವಾಗಿದೆ. ನನಗೂ ಅದೇ ಕಾಯಿಲೆ, ಬದಲಾಯಿಸಿದ್ದು ಎಡ ಮಂಡಿ. ಥೇಟ್ ಅಂಥದ್ದೇ ಒಂದು ಡಬ್ಬಿ ನನ್ನ ಮಂಡಿಯನ್ನೂ ಒಂಬತ್ತು ತಿಂಗಳ ಸಂಬಳವನ್ನೂ ನುಂಗಿ ಹಾಕಿತ್ತು. ಆರೂ ಸ್ಟ್ರಿಪ್ ತೆಗೆದು ಹೊರಗಿಟ್ಟೆ. ಅವಳ ಮುಖ ಸಣ್ಣದಾಯಿತು. ಅವಳಿಗೆ ಅವತ್ತು ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಕೃತಕ ಕೀಲು ಇಟ್ಟುಕೊಂಡು ಊರು ಬಿಡುವವರು ಈಗ ಜಾಸ್ತಿ, ಎಲ್ಲರೂ ಇದೇ ಡಬ್ಬಿ ಕಟ್ಟುತ್ತಾರೆ.

ವೀಸಾ ಜೊತೆ ಆರೋಗ್ಯದ ಸರ್‌ಚಾರ್ಜ್ ಕಟ್ಟಬೇಕು, ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಜಿಪಿ, ಅಂದರೆ ಮನೆ ಹತ್ತಿರದ ಸಾಮಾನ್ಯ ಡಾಕ್ಟರ ಬಳಿ ಹೆಸರು ನೋಂದಾಯಿಸಬೇಕು. ಇದೆಲ್ಲ ನಿಮಗೆ ಗೊತ್ತೇ ಇದೆ, ಬಿಡಿ.

ನನ್ನ ಕಥೆಗೆ ಬರುತ್ತೇನೆ. ಮಂಡಿ ಬದಲಾಯಿಸಿ ಮೂರನೇ ವರ್ಷ. ನಾನಿರುವುದು ಇಂಗ್ಲೆಂಡಿನಲ್ಲಿ. ಶ್ರಾವಣದಲ್ಲಿ ಊರಿಗೆ ಬಂದವಳು ಒಂದು ದಿನ ತೋಟಕ್ಕೆ ಇಳಿದೆ. ಹಿಮ್ಮಡಿ ಮೇಲೆ ಉಂಬಳ ಕಚ್ಚಿತು. ನಮಗೇನು ಅದು ಹೊಸದಾ? ಸುಣ್ಣ ಹಚ್ಚಿ ಕಿತ್ತೆಸೆದೆ. ಆಮೇಲಿನ ತುರಿಕೆಗೆ ಕೆರೆದೂ ಕೆರೆದೂ ಹುಣ್ಣಾಯಿತು. ಇಂಗ್ಲೆಂಡಿಗೆ ವಾಪಸ್ ಬರುವಾಗಲೂ ಅದು ಪೂರ್ತಿ ಮಾಗಿರಲಿಲ್ಲ. ಎರಡು ವಾರ ಕಳೆದು ಒಂದು ಬೆಳಿಗ್ಗೆ ಎದ್ದರೆ ಎಡ ಮಂಡಿ ಬಿಸಿ. ಒಲೆ ಪಕ್ಕ ಇಟ್ಟ ಚೊಂಬಿನಷ್ಟು ಬಿಸಿ. ಊತ ಬೇರೆ. ಉಂಬಳದ ಹುಣ್ಣಿನಿಂದಲೇ ಕ್ರಿಮಿ ಬಂತು ಎಂದು ಡಾಕ್ಟರುಗಳು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಆದರೆ ಚರ್ಮದ ಗಾಯದಿಂದ ರಕ್ತಕ್ಕೆ ಇಳಿದು, ಅಲ್ಲಿಂದ ಕೃತಕ ಕೀಲಿಗೆ ಹೋಗಿ ಕೂರುವುದು ಈ ಕ್ರಿಮಿಗಳ ಅಭ್ಯಾಸವಂತೆ.

ಸಂಧಿವಾತ ಇರುವವರಿಗೆ ಕೀಲು ಊದುವುದು ಹೊಸದಲ್ಲ ಅಲ್ವಾ? ಅದೇ ನಮ್ಮ ದೊಡ್ಡ ತೊಂದರೆ. ಕಾಯಿಲೆ ಆಗಾಗ ಕೆರಳುವುದಕ್ಕೆ ಫ್ಲೇರ್ ಎನ್ನುತ್ತಾರೆ. "ಇದೂ ಒಂದು ಫ್ಲೇರ್, ನಾಲ್ಕು ದಿನಕ್ಕೆ ಇಳಿಯುತ್ತದೆ" ಎಂದುಕೊಂಡೆ. ಜ್ವರವೂ ಇರಲಿಲ್ಲ. ನಾನು ಸಂಧಿವಾತಕ್ಕೆ ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ ಎಂಬ, ರೋಗನಿರೋಧಕ ಶಕ್ತಿ ತಗ್ಗಿಸುವ ಇಂಜೆಕ್ಷನ್ ಚುಚ್ಚಿಕೊಳ್ಳುವವಳು. ಇಂಥ ಬಯಾಲಜಿಕ್ ಔಷಧಿಗಳು, ಸ್ಟೀರಾಯ್ಡ್‌ಗಳು ಸೋಂಕಿನ ಜ್ವರವನ್ನೇ ಮುಚ್ಚಿಡಬಲ್ಲವು. ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ನಂಬೋಣವೆಂದರೆ ಅದು ಫ್ಲೇರ್‌ನಲ್ಲೂ ಏರುತ್ತದೆ, ಸೋಂಕಿನಲ್ಲೂ ಏರುತ್ತದೆ. ಟೋಸಿಲಿಜುಮ್ಯಾಬ್ ಎಂಬ ಇನ್ನೊಂದು ಬಯಾಲಜಿಕ್ ತೆಗೆದುಕೊಳ್ಳುವವರಿಗೆ ಸೋಂಕಿದ್ದರೂ ಏರದೆ ಇರಬಹುದು. ನಾನು ಕಲಿತ ಗುರುತು ಒಂದೇ: ಫ್ಲೇರ್ ಬಂದರೆ ಬೆರಳು, ಮಣಿಕಟ್ಟು, ಪಾದ ಎಲ್ಲ ಒಟ್ಟಿಗೆ ಗಲಾಟೆ ಮಾಡುತ್ತವೆ. ಉಳಿದವು ಸುಮ್ನೆ ಇದ್ದು ಬದಲಾಯಿಸಿದ ಕೀಲೊಂದೇ ಉರಿಯುತ್ತಿದ್ದರೆ ಅದು ಸೋಂಕು ಎಂದೇ ಹಿಡಿಯಬೇಕು, ಅಲ್ಲ ಎಂದು ಪರೀಕ್ಷೆ ಹೇಳುವವರೆಗೆ.

ನಾನು ಹಾಗೆ ಹಿಡಿಯಲಿಲ್ಲ. ಡಬ್ಬಿ ತೆಗೆದೆ. ಊರಿಂದ ತಂದ ಆಂಟಿಬಯಾಟಿಕ್ ಐದು ದಿನ ನುಂಗಿದೆ. ಮೂರನೇ ದಿನಕ್ಕೆ ಊತ ಇಳಿಯಿತು. ನನ್ನ ಬುದ್ಧಿಗೆ ನಾನೇ ಶಹಭಾಸ್ ಹೇಳಿಕೊಂಡೆ. ಹತ್ತು ದಿನ ಬಿಟ್ಟು ಮತ್ತೆ ಊತ, ಈ ಸಲ ರಾತ್ರಿ ಮಗ್ಗುಲು ಬದಲಿಸಲಾರದಷ್ಟು ನೋವು. ಆಗಲೂ ಎರಡನೇ ಸ್ಟ್ರಿಪ್ ಒಡೆದೆ. ಅದೂ ಮುಗಿದ ಮೇಲೆ ಆಸ್ಪತ್ರೆಗೆ ಹೋದೆ.

ಅಲ್ಲಿ ಮಂಡಿಗೆ ಸೂಜಿ ಹಾಕಿ ನೀರು ತೆಗೆದರು. ಎರಡು ಸಿರಿಂಜ್ ತುಂಬಿತು. ಬಣ್ಣ ನೀರು ಬೆರೆಸಿದ ಮಜ್ಜಿಗೆಯಂತೆ, ಸ್ವಲ್ಪ ಹಳದಿ. ಬಿಳಿ ರಕ್ತಕಣ ವಿಪರೀತ ಇತ್ತು. ಆದರೆ ಕಲ್ಚರ್‌ನಲ್ಲಿ, ಅಂದರೆ ಆ ನೀರಿನಿಂದ ಲ್ಯಾಬ್‌ನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯಲಿಲ್ಲ. ನಿಧಾನಕ್ಕೆ ಬೆಳೆಯುವ ಕ್ರಿಮಿಗೂ ಅವಕಾಶ ಸಿಗಲಿ ಎಂದು ಅದನ್ನು 14 ದಿನ ಇಟ್ಟು ನೋಡಿದರು. ಊಹೂಂ. ಜೂನಿಯರ್ ಡಾಕ್ಟರ್ ಬಂದು ಕೇಳಿದ ಮೊದಲ ಪ್ರಶ್ನೆ: ಇತ್ತೀಚೆಗೆ ಆಂಟಿಬಯಾಟಿಕ್ ಏನಾದರೂ ತಗೊಂಡಿರಾ? ನಾನು ಬೆಡ್‌ಶೀಟಿನ ಅಂಚು ಮಡಿಸುತ್ತಾ ಹೌದು ಎಂದೆ.

ಆಗುವುದು ಏನೆಂದರೆ, ಲೋಹ ಮತ್ತು ಪ್ಲಾಸ್ಟಿಕ್ ಮೇಲೆ ಕೂತ ಕ್ರಿಮಿ ಬಚ್ಚಲ ಕಲ್ಲಿನ ಮೇಲಿನ ಪಾಚಿಯ ಹಾಗೆ ಪದರ ಕಟ್ಟುತ್ತದೆ. ಡಾಕ್ಟರುಗಳು ಬಯೋಫಿಲ್ಮ್ ಎನ್ನುವುದು ಇದಕ್ಕೇ. ಮಾತ್ರೆ ಆ ಪದರದ ಒಳಗೆ ಇಳಿಯುವುದಿಲ್ಲ. ಮೇಲೆ ನೀರಿನಲ್ಲಿ ತೇಲಾಡುವ ಕ್ರಿಮಿಯನ್ನಷ್ಟೇ ಕೊಲ್ಲುತ್ತದೆ. ಊತ ಇಳಿಯುತ್ತದೆ, ಬೇರು ಹಾಗೇ ಇರುತ್ತದೆ. ಮತ್ತೆ ನೀರು ತೆಗೆದರೆ ಅದರಲ್ಲಿ ಕ್ರಿಮಿ ಸಿಗುವುದಿಲ್ಲ. ಯಾವ ಕ್ರಿಮಿ ಎಂದು ಗೊತ್ತಾಗದೆ ಯಾವ ಔಷಧಿ ಕೊಡಬೇಕು ಎಂದು ಅಲ್ಲಿನವರು ತೀರ್ಮಾನಿಸುವುದಿಲ್ಲ. ಹಾಗಾಗಿ ಎರಡು ವಾರ ಆಂಟಿಬಯಾಟಿಕ್ ಪೂರ್ತಿ ನಿಲ್ಲಿಸಿ, ದಿನಾ ನಿಗಾ ಇಟ್ಟು, ಮತ್ತೆ ಸೂಜಿ ಹಾಕಿದರು. ಆಗ ಸಿಕ್ಕಿತು, ಸ್ಟ್ಯಾಫೈಲೊಕಾಕಸ್.

ಅಷ್ಟರಲ್ಲಿ ಇನ್ನೊಂದು ಬಾಗಿಲು ಮುಚ್ಚಿತ್ತು. ಲಕ್ಷಣ ಶುರುವಾಗಿ ಸುಮಾರು ಮೂರು ವಾರದ ಒಳಗೆ ಹೋದರೆ, ಮಂಡಿ ತೆರೆದು ಚೆನ್ನಾಗಿ ತೊಳೆದು, ಕೆಟ್ಟ ಭಾಗ ಕೆರೆದು, ನಡುವಿನ ಪ್ಲಾಸ್ಟಿಕ್ ತುಂಡನ್ನಷ್ಟೇ ಬದಲಿಸಿ ಇಂಪ್ಲಾಂಟ್ ಉಳಿಸಿಕೊಳ್ಳುವ ಆಪರೇಷನ್ ಇದೆ. ಅದಕ್ಕೆ ಡೇರ್ ಎನ್ನುತ್ತಾರೆ. ಅದು ಎಲ್ಲರಿಗೂ ಫಲಿಸುತ್ತದೆ ಎಂದಲ್ಲ. ಆದರೆ ನನಗೆ ಆ ಅವಕಾಶವೇ ಸಿಗಲಿಲ್ಲ. ಇಡೀ ಇಂಪ್ಲಾಂಟ್ ಕೀಳಬೇಕಾಯಿತು. ಡಬ್ಬಿಯ ಮಾತ್ರೆ ತಿನ್ನುತ್ತಾ ಕೂತ ದಿನಗಳನ್ನು ಎಣಿಸಿದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಬದಲಾಯಿಸಿದ ಕೀಲು ಬಿಸಿಯಾದರೆ, ಊದಿದರೆ, ಹಳೇ ಗಾಯದಿಂದ ನೀರು ಒಸರಿದರೆ, ಅವತ್ತೇ ಫೋನ್ ಮಾಡಿ. ಆಪರೇಷನ್ ಅಲ್ಲೇ ಆಗಿದ್ದರೆ ಡಿಸ್ಚಾರ್ಜ್ ಪತ್ರದಲ್ಲಿರುವ ನಂಬರಿಗೆ. ಅದಿಲ್ಲದಿದ್ದರೆ ಅಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ, ಅಥವಾ ನೇರ ಎಮರ್ಜೆನ್ಸಿಗೆ. ಜಿಪಿ ಅಪಾಯಿಂಟ್‌ಮೆಂಟ್‌ಗೆ ವಾರ ಕಾಯಬೇಡಿ. ನಮ್ಮವರಿಗೆ ಸಂಕೋಚ ಜಾಸ್ತಿ, "ಸ್ವಲ್ಪ ನೋವು" ಎನ್ನುತ್ತೇವೆ. ಹಾಗೆನ್ನಬೇಡಿ. ನನ್ನದು ಕೃತಕ ಕೀಲು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೋತೀನಿ, ಕೀಲು ಬಿಸಿಯಾಗಿ ಊದಿದೆ. ಈ ಮೂರು ಮಾತು ಒಂದೇ ಉಸಿರಿಗೆ ಹೇಳಿ. ಇಂಗ್ಲಿಷ್ ಕಷ್ಟವಾದರೆ ಕನ್ನಡದ ದುಭಾಷಿ ಬೇಕೆಂದು ಕೇಳಬಹುದು, ಅದಕ್ಕೆ ದುಡ್ಡಿಲ್ಲ. ಯಾರಾದರೂ ಸುಮ್ನೆ ಆಂಟಿಬಯಾಟಿಕ್ ಬರೆದು ಕಳಿಸಲು ಹೊರಟರೆ "ಮೊದಲು ನೀರು ತೆಗೆದು ಕಲ್ಚರ್‌ಗೆ ಕಳಿಸುತ್ತೀರಾ?" ಎಂದು ಕೇಳಿ. ಕೇಳಿದರೆ ಅಲ್ಲಿ ಯಾರೂ ಮುಖ ಗಂಟಿಕ್ಕುವುದಿಲ್ಲ.

ಒಂದೇ ವಿನಾಯಿತಿ. ಚಳಿ ನಡುಕ, ಉಸಿರಾಟ ಜೋರು, ಮಾತು ತೊದಲು, ಗಲಿಬಿಲಿ ಇದ್ದರೆ ಆಂಬುಲೆನ್ಸ್‌ಗೆ 999. ಆಗ ಸ್ಯಾಂಪಲ್‌ಗೆ ಕಾಯುತ್ತಾ ಕೂರುವ ಪ್ರಶ್ನೆ ಇಲ್ಲ. ಜೀವ ಮೊದಲು, ಆಂಟಿಬಯಾಟಿಕ್ ಯಾವಾಗ ಎಂದು ಅವರೇ ನೋಡಿಕೊಳ್ಳುತ್ತಾರೆ.

ಕೃತಕ ಕೀಲನ್ನೇ ಮತ್ತೆ ಬದಲಿಸುವ ರಿವಿಷನ್ ಆಪರೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪ್ರತಿಯೊಬ್ಬರದೂ ಬೇರೆ. ಒಂದೇ ಸಲಕ್ಕೆ ಹಳೆಯದು ತೆಗೆದು ಹೊಸದು ಹಾಕುವುದುಂಟು. ನನಗೆ ಎರಡು ಹಂತ, ಹೊಸದು ಎರಡನೆಯದರಲ್ಲಿ. ಮೊದಲು ಇಂಪ್ಲಾಂಟ್ ತೆಗೆದು, ಆ ಜಾಗ ತುಂಬಲು ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ಸ್ಪೇಸರ್ ಇಟ್ಟರು. ತೋಳಿನ ರಕ್ತನಾಳಕ್ಕೆ ಪಿಕ್ ಲೈನ್ ಎಂಬ ಉದ್ದ ನಳಿಕೆ ಹಾಕಿ ಆರು ವಾರ ಔಷಧಿ. ಆರು ವಾರವೂ ಆಸ್ಪತ್ರೆಯಲ್ಲಿ ಇರಬೇಕಿಲ್ಲ, ಹೀಗೆ ರಕ್ತನಾಳದ ಆಂಟಿಬಯಾಟಿಕ್ ಅನ್ನು ಆಸ್ಪತ್ರೆಯ ಹೊರಗೇ ಕೊಡುವ ಒಪ್ಯಾಟ್ ಎಂಬ ತಂಡ ಇದೆ. ಮನೆಗೇ ನರ್ಸ್ ಬರುತ್ತಿದ್ದರು, ದಿನಾ ಬೆಳಿಗ್ಗೆ, ಮಳೆಯಿರಲಿ ಹಿಮವಿರಲಿ. ರಿಫಾಂಪಿಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಕೊಟ್ಟಾಗ ಮೂತ್ರ ಕುಂಕುಮದ ನೀರಿನಂತೆ ಕೆಂಪಾಗುತ್ತದೆ, ಹೆದರಬೇಡಿ. ಆದರೆ ಅದು ಸ್ಟೀರಾಯ್ಡ್ ಸೇರಿ ಎಷ್ಟೋ ಔಷಧಿಗಳ ಶಕ್ತಿ ಕುಗ್ಗಿಸುತ್ತದೆ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಕೊಡಿ, ಊರಿಂದ ತಂದ ಆಯುರ್ವೇದದ ಪುಡಿಯನ್ನೂ ಸೇರಿಸಿ.

ಊರುಗೋಲಿನ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಸಾಮಾನ್ಯ ಊರುಗೋಲು ಹಿಡಿಯಲು ಮಣಿಕಟ್ಟು ಗಟ್ಟಿ ಬೇಕು. ನಮಗೆಲ್ಲಿದೆ? ಮೊಣಕೈವರೆಗೆ ತೋಳು ಒರಗಿಸುವ ಗಟರ್ ಕ್ರಚ್ ಇದೆ. ಫಿಸಿಯೋ ಹತ್ತಿರ ಆಪರೇಷನ್‌ಗೆ ಮೊದಲೇ ಕೇಳಿ. ನಾನು ಎರಡು ದಿನ ಹಾಸಿಗೆಯಲ್ಲೇ ಅತ್ತ ಮೇಲೆ ಸಿಕ್ಕಿತು.

ಸಂಧಿವಾತದ ವಿಭಾಗ, ಮೂಳೆ ವಿಭಾಗ ಒಂದೇ ಆಸ್ಪತ್ರೆಯಲ್ಲಿದ್ದರೂ ಒಂದೇ ಮನೆಯ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ನಡುವೆ ಓಡಾಡಿ ಸುದ್ದಿ ಮುಟ್ಟಿಸುವವರು ನೀವೇ. ಸೋಂಕು ಎಂದು ಗೊತ್ತಾದ ದಿನವೇ ರುಮಟಾಲಜಿ ನರ್ಸ್‌ಗಳ ಸಹಾಯವಾಣಿಗೆ ತಿಳಿಸಿ. ಬಯಾಲಜಿಕ್ ನಿಲ್ಲಿಸಲು ಹೇಳುತ್ತಾರೆ. ಅದು ಫ್ರಿಡ್ಜ್‌ನ ಔಷಧಿ, ಮನೆಗೆ ತಂದು ಕೊಡುವವರಿಗೂ ಹೇಳದಿದ್ದರೆ ಬಾಕ್ಸ್ ಮೇಲೆ ಬಾಕ್ಸ್ ಬಂದು ಬೀಳುತ್ತದೆ. ಸ್ಟೀರಾಯ್ಡನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬಹಳ ಕಾಲ ತಗೊಂಡವರಲ್ಲಿ ದೇಹ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ತಗ್ಗಿರುತ್ತದೆ. ತಟ್ಟನೆ ನಿಂತರೆ ಪ್ರಾಣಕ್ಕೇ ಅಪಾಯ. 2020ರಿಂದ ಅಲ್ಲಿ ಸ್ಟೀರಾಯ್ಡ್ ಎಮರ್ಜೆನ್ಸಿ ಕಾರ್ಡ್ ಕೊಡುತ್ತಾರೆ, ಕೇಳಿ ತಗೊಂಡು ಪರ್ಸ್‌ನಲ್ಲಿಡಿ.

ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ನುಂಗುವವರು ಇದೊಂದನ್ನು ಗೋಡೆ ಮೇಲೆ ಬರೆದಿಡಿ: ಟ್ರೈಮೆಥೊಪ್ರಿಮ್ ಬೇಡ. ಉರಿಮೂತ್ರಕ್ಕೆ ಬರೆಯುವ ಮಾತ್ರೆ ಅದು. ಊರಲ್ಲಿ ಮೆಡಿಕಲ್ ಶಾಪಿನವರು ಕೊಡುವ ಕೋ-ಟ್ರೈಮಾಕ್ಸಜೋಲ್‌ನಲ್ಲೂ ಅದೇ ಇದೆ. ಎರಡೂ ಸೇರಿದರೆ ಮೂಳೆಮಜ್ಜೆ ಕೆಲಸ ನಿಲ್ಲಿಸಿ ರಕ್ತಕಣ ಕುಸಿಯಬಹುದು. ಸ್ಟೀಲ್ ಡಬ್ಬಿಯ ಮೇಲೆ ನನಗೆ ಸಿಟ್ಟು ಬರಲು ಇದೂ ಒಂದು ಕಾರಣ.

ಯಾವ ವ್ಯವಸ್ಥೆ ಒಳ್ಳೆಯದು ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ವೇಗ ಬೇಕಾದರೆ ನಮ್ಮದೇ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದರೆ ಬೇಗ ದೊಡ್ಡ ಡಾಕ್ಟರನ್ನೇ ನೋಡಬಹುದು. ಇಂಗ್ಲೆಂಡಿನಲ್ಲಿ ತುರ್ತಲ್ಲದ ಆಪರೇಷನ್‌ಗೆ 18 ವಾರದ ಗುರಿ ಎಂದು ಕಾಗದದಲ್ಲಿದೆ, ಅದನ್ನು ನಂಬಿ ರಜೆ ಹಾಕಬೇಡಿ. ಆದರೆ ಸೋಂಕಿನ ವಿಷಯಕ್ಕೆ ಬಂದರೆ ನನ್ನ ವೋಟು ಅಲ್ಲಿಗೇ. ಸರ್ಜನ್, ಕ್ರಿಮಿ ತಜ್ಞರು, ಔಷಧಿ ತಜ್ಞರು ಒಟ್ಟಿಗೆ ಕೂತು ನನ್ನ ಒಂದು ಮಂಡಿ ಬಗ್ಗೆ ಮಾತಾಡಿದರು. ಎರಡು ಆಪರೇಷನ್, ಆರು ವಾರದ ನರ್ಸು, ಒಂದೇ ಒಂದು ಬಿಲ್ ಬರಲಿಲ್ಲ. ಹೊರಗೆ ಬರೆಸಿದ ಔಷಧಿಗೆ ಮಾತ್ರ, ಒಂದೊಂದಕ್ಕೆ 9.90 ಪೌಂಡ್. ಊರಲ್ಲಾದರೆ ಇದಕ್ಕೆ ಅರ್ಧ ಎಕರೆ ತೋಟ ಹೋಗುತ್ತಿತ್ತು.

ಈ ಧಾರಾಳ ವಿಸಿಟರ್ ವೀಸಾದಲ್ಲಿ ಬರುವ ಅಮ್ಮ, ಅತ್ತೆಯರಿಗೆ ಇಲ್ಲ. ಮಗಳ ಬಾಣಂತನಕ್ಕೆ ಎರಡೂ ಮಂಡಿ ಬದಲಾಯಿಸಿಕೊಂಡ ಅಮ್ಮಂದಿರೇ ಬರುವುದು. ಎಮರ್ಜೆನ್ಸಿಯಲ್ಲಿ ನೋಡುವುದು ಉಚಿತ, ಅಡ್ಮಿಟ್ ಆದ ಕ್ಷಣದಿಂದ ಮೀಟರ್ ಓಡುತ್ತದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ದರದ 150 ಶೇಕಡಾ ವಸೂಲಿ. 500 ಪೌಂಡ್ ಅಥವಾ ಜಾಸ್ತಿ ಎರಡು ತಿಂಗಳು ಬಾಕಿ ಉಳಿದರೆ ಮುಂದಿನ ವೀಸಾಕ್ಕೂ ಕುತ್ತು. ಪ್ರಯಾಣದ ವಿಮೆ ಮಾಡಿಸುವಾಗ ಸಂಧಿವಾತ, ಕೃತಕ ಕೀಲು ಎರಡನ್ನೂ ಬರೆಸಿ. ಮುಚ್ಚಿಟ್ಟರೆ ಕಟ್ಟಿದ ಕಂತು ಹೊಳೆಗೆ ಹಾಕಿದಂತೆ.

ಸೊಸೆಯ ಡಬ್ಬಿಯಲ್ಲಿ ಆರು ಸ್ಟ್ರಿಪ್‌ನ ಜಾಗ ಖಾಲಿಯಾಯಿತಲ್ಲ, ಅಲ್ಲಿ ಏನಿಡಬೇಕು ಎಂದು ಕೇಳಿದಳು. ಆಪರೇಷನ್ ಫೈಲ್ ಎಲ್ಲಿ ಎಂದೆ. ಇಂಗ್ಲೆಂಡಿನಲ್ಲಿ ಹಾಕಿದ ಕೀಲಿನ ವಿವರ 2003ರಿಂದ ರಾಷ್ಟ್ರೀಯ ರಿಜಿಸ್ಟ್ರಿಗೆ ಹೋಗುತ್ತದೆ. ಅವಳದ್ದು ಊರಲ್ಲಿ ಹಾಕಿದ್ದು. ಯಾವ ಕಂಪನಿ, ಯಾವ ಸೈಜ್ ಎಂದು ಹೇಳುವುದು ಆಪರೇಷನ್ ದಿನ ಫೈಲಿನಲ್ಲಿ ಅಂಟಿಸಿದ ಸ್ಟಿಕರ್ ಮಾತ್ರ. ನಾಳೆ ಅದನ್ನು ಕೀಳಬೇಕಾದ ಸರ್ಜನ್‌ಗೆ ಸರಿಯಾದ ಸಲಕರಣೆ ತರಿಸಲು ಅದೇ ಬೇಕು. ಅತ್ತಿಗೆ ಅಟ್ಟ ಹತ್ತಿ ಹುಡುಕಿದರು. ಅಡಿಕೆ ಚೀಲದ ಹಿಂದೆ ಸಿಕ್ಕಿತು, ಹೊಗೆ ವಾಸನೆ, ಮುಗ್ಗಲು. ನಾಲ್ಕು ಸ್ಟಿಕರ್‌ನಲ್ಲಿ ಒಂದು ಥಂಡಿಗೆ ಎದ್ದು ಪಕ್ಕದ ಹಾಳೆಗೆ ತಿರುಗುಮುರುಗಾಗಿ ಅಂಟಿತ್ತು. ಒಲೆಯ ಹತ್ತಿರ ಹಿಡಿದು ಮೆಲ್ಲಗೆ ಬಿಡಿಸಿ, ನಾಲ್ಕಕ್ಕೂ ಫೋಟೋ ತೆಗೆದು ಅವಳ ಗಂಡನಿಗೆ ಕಳಿಸಿದೆವು.