ಕ್ಯೋತೊದ ಹಳೆಯ ರ್ಯೋತೆಯಲ್ಲಿ ಊಟ: ಸ್ಥಳ ಕಾಯ್ದಿರಿಸುವ ಮುನ್ನ

ಊರಿನಿಂದ ಹಿರಿಯರು ಜಪಾನಿಗೆ ಬಂದಾಗ ಅವರನ್ನು ಒಮ್ಮೆಯಾದರೂ ಕ್ಯೋತೊದ ರ್ಯೋತೆಗೆ ಕರೆದೊಯ್ಯಬೇಕೆಂಬ ಆಸೆ ಇಲ್ಲಿ ನೆಲೆಸಿದ ನಮ್ಮವರಲ್ಲಿ ಅನೇಕರಿಗಿದೆ. ರ್ಯೋತೆ ಎಂದರೆ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ಕೈಸೆಕಿ ಊಟವನ್ನು ಒಂದೊಂದೇ ಬಗೆಯಾಗಿ ತಂದು ಬಡಿಸುವ ಸಾಂಪ್ರದಾಯಿಕ ಭೋಜನಗೃಹ. ನಾನ್‌ಝೆನ್‌ಜಿ ದೇವಾಲಯದ ಬಳಿಯ ಹ್ಯೋತೆ, ಸುಮಾರು 400 ವರ್ಷಗಳ ಹಿಂದೆ ದಾರಿಹೋಕರಿಗೆ ಚಹಾ ಕೊಡುವ ತಂಗುದಾಣವಾಗಿದ್ದು, 1837ರಲ್ಲಿ ರ್ಯೋತೆಯಾಯಿತು. ಬೇಸಿಗೆಯಲ್ಲಿ ಅಲ್ಲಿ ಬೆಳಗಿನ ಅಕ್ಕಿ ಗಂಜಿ ಪ್ರಸಿದ್ಧ. ಗಿಯೋನ್ ಎಂಬ ಗೇಶಾ ಕೇರಿಯಲ್ಲಿ ರಾತ್ರಿಯಿಡೀ ಮೋಜು ಮಾಡಿದ ರಸಿಕರು ಮುಂಜಾನೆ ಬಂದು ಮನೆಯವರನ್ನು ಎಬ್ಬಿಸಿ ಏನಾದರೂ ಕೊಡಿರೆಂದಾಗ ಹುಟ್ಟಿದ್ದು ಈ ಗಂಜಿ ಎಂಬ ಪ್ರತೀತಿಯಿದೆ.

ಇಂಥ ಊಟದ ಮನೆಗಳಲ್ಲಿ ತಿನಿಸಿನ ವಿಷಯವೆಲ್ಲ ಸ್ಥಳ ಕಾಯ್ದಿರಿಸುವಾಗಲೇ ತೀರ್ಮಾನವಾಗಿಬಿಡುತ್ತದೆ. ಪಟ್ಟಿ ನೋಡಿ ತಿನಿಸು ಆರಿಸುವ ಪದ್ಧತಿ ಇಲ್ಲ. ಎಷ್ಟು ಮಂದಿ, ಯಾವ ದರದ ಊಟ ಎಂಬುದನ್ನು ಮಾತ್ರ ನೀವು ಹೇಳುತ್ತೀರಿ, ಉಳಿದದ್ದು ಋತುವಿಗೂ ಬಾಣಸಿಗನಿಗೂ ಬಿಟ್ಟದ್ದು. ಸಾಮಗ್ರಿ ತರುವುದೂ ಅಷ್ಟೇ ಮಂದಿಗೆ ಆದ್ದರಿಂದ ಕೊನೆ ಗಳಿಗೆಯಲ್ಲಿ ಬರುವುದಿಲ್ಲವೆಂದರೆ ಪೂರ್ತಿ ಹಣ ತೆರಬೇಕಾಗಬಹುದು. ಪರಿಚಿತರ ಶಿಫಾರಸಿಲ್ಲದ ಹೊಸಬರನ್ನು ಸೇರಿಸಿಕೊಳ್ಳದ ಮನೆಗಳು ಈಗಲೂ ಇವೆ. ಇದನ್ನು ಸೊಕ್ಕು ಎಂದು ತಿಳಿಯಬೇಕಾಗಿಲ್ಲ. ಲೆಕ್ಕ ಬರೆದಿಟ್ಟು ಆಮೇಲೆ ಹಣ ವಸೂಲು ಮಾಡುತ್ತಿದ್ದ ಕಾಲದಲ್ಲಿ ಕರೆತಂದವನೇ ಜಾಮೀನುದಾರನಾಗಿದ್ದ. ಇಂದು ಹಲವು ಮನೆಗಳು ಹೋಟೆಲಿನ ಸಿಬ್ಬಂದಿಯ ಮೂಲಕ ಅಥವಾ ಆನ್‌ಲೈನಿನಲ್ಲಿ ಹೊಸಬರನ್ನೂ ಒಪ್ಪಿಕೊಳ್ಳುತ್ತವೆ. ಮೊದಲ ಸಲಕ್ಕೆ ಮಧ್ಯಾಹ್ನದ ಊಟವೇ ಲೇಸು, ಸಾಮಾನ್ಯವಾಗಿ ಅದರ ದರ ರಾತ್ರಿಯದಕ್ಕಿಂತ ಕಡಿಮೆ.

ಸಸ್ಯಾಹಾರಿಗಳು ಮುಂದಿನ ಮಾತನ್ನು ಗಮನವಿಟ್ಟು ಓದಬೇಕು. ನಮ್ಮ ಮಾವನವರನ್ನು ಒಂದು ರ್ಯೋತೆಗೆ ಕರೆದೊಯ್ದಾಗ, ಕಾಯ್ದಿರಿಸುವ ವೇಳೆ ನಾನು ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ತಿಳಿಸಿದ್ದೆ. ಜಪಾನಿನಲ್ಲಿ ‘ಮಾಂಸ’ ಎಂಬ ಮಾತಿನೊಳಗೆ ಮೀನು ಸೇರುವುದಿಲ್ಲ, ಹೀಗಾಗಿ ಮೀನಿನ ತಿನಿಸುಗಳು ಬಂದವು. ಬಡಿಸುವಾಕೆ ಚಾಪೆಯ ಮೇಲೆ ಮಂಡಿಯೂರಿ, ಹಣೆ ತಗ್ಗಿಸಿ ಕ್ಷಮೆ ಕೇಳುತ್ತಿದ್ದರೆ ನಾಚಿಕೆಯಾದದ್ದು ನನಗೆ. ಮಾವನವರು ಅನ್ನ ಮತ್ತು ಉಪ್ಪಿನಲ್ಲಿ ಊರಿದ ಮೂಲಂಗಿಯಲ್ಲಿ ಊಟ ಮುಗಿಸಿದರು. ತಟ್ಟೆಯಲ್ಲಿ ತರಕಾರಿಯೇ ಕಂಡರೂ ಅದನ್ನು ಬೇಯಿಸಿದ ದಾಶಿ ಎಂಬ ಕಟ್ಟು, ಕೊಂಬು ಎಂಬ ಕಡಲ ಪಾಚಿಯ ಜೊತೆಗೆ ಕತ್ಸುಒಬುಶಿ, ಅಂದರೆ ಹೊಗೆಯಾಡಿಸಿ ಒಣಗಿಸಿದ ಮೀನಿನ ತುರಿಯಿಂದ ಆದದ್ದು. ಆದ್ದರಿಂದ ಮಾಂಸ, ಮೀನು, ಮೊಟ್ಟೆ ಎಂದು ಬಿಡಿಬಿಡಿಯಾಗಿ ಬರೆದು, ‘ಕತ್ಸುಒ ನೊ ದಾಶಿ ಮೊ ತಾಬೆರಾರೆಮಾಸೆನ್’, ಮೀನಿನ ದಾಶಿಯೂ ಆಗದು, ಎಂಬ ಸಾಲನ್ನು ಸೇರಿಸಿ. ಕೊಂಬು ಮತ್ತು ಶಿಯಿತಾಕೆ ಅಣಬೆಯ ದಾಶಿ ಆದೀತೆಂದೂ ತಿಳಿಸಿ. ಆಗುವುದಿಲ್ಲವೆಂದು ಉತ್ತರ ಬಂದರೆ ಒತ್ತಾಯಿಸಬೇಡಿ. ಅದಕ್ಕೆ ಬೇರೆ ದಾರಿಯಿದೆ: ಬೌದ್ಧ ಮಠಗಳ ಶೋಜಿನ್ ರ್ಯೋರಿ ಎಂಬ ಅಡುಗೆ ಮೂಲತಃ ಸಸ್ಯಾಹಾರ, ಈರುಳ್ಳಿ-ಬೆಳ್ಳುಳ್ಳಿಯನ್ನೂ ಸಂಪ್ರದಾಯವಾಗಿ ವರ್ಜಿಸಿದ್ದು. ಕ್ಯೋತೊದ ಅರಾಶಿಯಾಮದಲ್ಲಿರುವ ತೆನ್‌ರ್ಯೂಜಿ ದೇವಾಲಯದೊಳಗಿನ ಶಿಗೆತ್ಸು ಎಂಬ ಭೋಜನಶಾಲೆಯಲ್ಲಿ ಅದು ಮಧ್ಯಾಹ್ನ ಸಿಗುತ್ತದೆ. ಮಡಿವಂತ ಹಿರಿಯರಿದ್ದರೆ ನಾನು ಅಲ್ಲಿಗೇ ಕರೆದೊಯ್ಯುತ್ತೇನೆ.

ಆ ದಿನ ಸರಿಯಾದ ಸಮಯಕ್ಕೆ ಹೋಗಿ. ಬಹಳ ಮುಂಚೆ ಹೋದರೂ ಅವರಿಗೆ ಇರುಸುಮುರುಸು. ಅತ್ತರು ಹಚ್ಚಿಕೊಳ್ಳಬೇಡಿ. ಬಾಗಿಲಲ್ಲಿ ಪಾದರಕ್ಷೆ ಬಿಡಬೇಕು, ಬರಿಗಾಲಲ್ಲಿ ಒಳಗೆ ಹೋಗದೆ ಕಾಲುಚೀಲ ಹಾಕಿರಬೇಕು. ಚಿತ್ರಪಟವನ್ನೂ ಹೂವನ್ನೂ ಇರಿಸಿದ ಗೂಡಿನ, ಅಂದರೆ ತೊಕೊನೊಮಾದ, ಮುಂದಿನ ಜಾಗ ಹಿರಿಯರದು; ಊಟ ಹಾಕಿಸುವವರು ಬಾಗಿಲ ಬಳಿ ಕೂರುವುದು ರೂಢಿ. ಮಂಡಿನೋವಿರುವವರಿಗೆ ಕುರ್ಚಿ, ಇಲ್ಲವೇ ಕಾಲು ಇಳಿಬಿಡಲು ಗುಳಿಯಿರುವ ಮೇಜು ಬೇಕೆಂದು ಮೊದಲೇ ಕೇಳಿ.

ಊಟ ಸಾಮಾನ್ಯವಾಗಿ ಎರಡು ಗಂಟೆಗೂ ಮೀರುತ್ತದೆ. ಮೊದಲು ಪುಟ್ಟ ತಿನಿಸು, ಬಳಿಕ ಕ್ರಮವಾಗಿ ಋತುವನ್ನು ಸಾರುವ ಹಸ್ಸುನ್ ತಟ್ಟೆ, ಹಸಿ ಮೀನು, ಮುಚ್ಚಳದ ಬಟ್ಟಲಲ್ಲಿ ತಿಳಿಸಾರು, ಸುಟ್ಟದ್ದು, ಬೇಯಿಸಿದ್ದು. ಮನೆಯಿಂದ ಮನೆಗೆ ಈ ಕ್ರಮ ತುಸು ಬದಲಾಗುತ್ತದೆ. ಅರಗಿನ ಬಟ್ಟಲಿನ ಮುಚ್ಚಳ ಬಿಸಿಗೆ ಅಂಟಿಕೊಂಡಿರುತ್ತದೆ. ಎಳೆದಾಡಿದರೆ ಸಾರು ಚೆಲ್ಲುತ್ತದೆ. ಎಡಗೈಯಿಂದ ಬಟ್ಟಲಿನ ಅಂಚನ್ನು ಎರಡೂ ಬದಿಯಿಂದ ಮೆಲ್ಲಗೆ ಅದುಮಿದರೆ ಗಾಳಿ ಹೊಕ್ಕು ಮುಚ್ಚಳ ತಾನಾಗಿ ಸಡಿಲವಾಗುತ್ತದೆ. ಅದನ್ನು ಅಂಗಾತ ಇಡುವ ಮುನ್ನ ಒಳಮೈ ನೋಡಿ, ಎಷ್ಟೋ ಸಲ ಚಿನ್ನದ ಚಿತ್ತಾರ ಅಡಗಿರುವುದು ಅಲ್ಲೇ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚುವುದು, ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸುವುದು ಎರಡೂ ಸಾವಿನ ವಿಧಿಗಳನ್ನು ನೆನಪಿಸುವುದರಿಂದ ನಿಷಿದ್ಧ.

ಅನ್ನ ಬರುವುದು ಎಲ್ಲಕ್ಕೂ ಕೊನೆಗೆ, ಮಿಸೊ ಸಾರು ಮತ್ತು ಊರಿದ ತರಕಾರಿಯೊಂದಿಗೆ. ಎಲೆ ಹಾಕಿದ ಮೇಲೆ ಅನ್ನಕ್ಕಾಗಿ ಕಾದು ಕೂರುವ ನಮಗೆ ಇದು ಸ್ವಲ್ಪ ಪರೀಕ್ಷೆಯೇ. ಅದರ ಮೇಲೆ ಸೋಯಾ ಸಾಸ್ ಸುರಿಯಬೇಡಿ, ಚೀಲದಲ್ಲಿರುವ ಮಾವಿನ ಉಪ್ಪಿನಕಾಯಿಯನ್ನು ಹೊರಗೆ ತೆಗೆಯಲೂಬೇಡಿ. ಆಮೇಲೆ ಹಣ್ಣು ಬಂದರೆ ಊಟ ಮುಗಿಯಿತೆಂದು ಅರ್ಥ.

ಲೆಕ್ಕದಲ್ಲಿ ಬಳಕೆ ತೆರಿಗೆ ಶೇ. 10ರ ಜೊತೆಗೆ ಸೇವಾ ಶುಲ್ಕವೂ ಸೇರಬಹುದು. ಹೇಳಿದ ದರದಲ್ಲಿ ಇವು ಸೇರಿವೆಯೇ, ಕಾರ್ಡ್ ನಡೆಯುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿ. ಟಿಪ್ಸ್ ಕೊಡುವ ರೂಢಿಯಿಲ್ಲ. ‘ಗೊಚಿಸೋಸಾಮಾ’, ಊಟಕ್ಕೆ ಧನ್ಯವಾದ, ಎಂದು ಹೇಳಿ ಹೊರಟಾಗ ಮನೆಯೊಡತಿ ಒಕಾಮಿ ಬಾಗಿಲವರೆಗೆ ಬರುತ್ತಾರೆ, ನೀವು ಕಣ್ಮರೆಯಾಗುವವರೆಗೂ ಅಲ್ಲೇ ನಿಂತಿರುತ್ತಾರೆ. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ತಲೆಬಾಗಿ.