ಹನ್ನೊಂದು ಮಂದಿ, ಒಂದು ಕ್ರೂಸರ್: ಬೀದರ್‌ನಿಂದ ವಾಟರ್ ಪಾರ್ಕ್‌ಗೆ

ದಸರಾ ಮುಗಿದ ವಾರ ವಾಟರ್ ಪಾರ್ಕ್‌ಗೆ ಹೋಗೋಣ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಮಳಿನೇ ಇನ್ನೂ ಪೂರಾ ಹೋಗಿಲ್ಲ, ಈಗ್ಯಾಕ ನೀರಾಗ ಬೀಳ್ತೀಯೋ? ಬ್ಯಾಸಿಗ್ಯಾಗ ಹೋಗು" ಅಂದರು ಕಾಕಾ.

ಬೇಸಿಗೆಯಲ್ಲಿ ಹೋಗಿಯೇ ನಾನು ಕಲಿತದ್ದು. 2022ರ ಮೇ, ಭಾನುವಾರ. ಹೈದರಾಬಾದ್ ಹೊರವಲಯದ ಪಾರ್ಕ್ ಮುಟ್ಟಿದಾಗ ಮಧ್ಯಾಹ್ನ ಒಂದು. ಕ್ರೂಸರ್‌ಗೆ ತೆಲಂಗಾಣದ ಪರ್ಮಿಟ್ ಮಾಡಿಸಿರಲಿಲ್ಲ, ದಾರಿಯಲ್ಲಿ ದಂಡ ಕಟ್ಟಿದ್ದು ಬೇರೆ. ಸೀರೆ, ಕಾಟನ್ ಬಟ್ಟೆ ಉಟ್ಟವರನ್ನು ನೀರಿಗೆ ಬಿಡಲಿಲ್ಲ. ಹೆಣ್ಣುಮಕ್ಕಳಿಗೆಲ್ಲ ಬಾಡಿಗೆ ಬಟ್ಟೆ. ಸ್ಲೈಡಿಗೆ ಮುಕ್ಕಾಲು ತಾಸು ಸಾಲು, ಕಾಲಿಟ್ಟರೆ ನೆಲ ಹೆಂಚಿನಂತೆ ಕಾದಿತ್ತು. ಪೂರಿ ತಿಂದು ಸ್ಲೈಡ್ ಹತ್ತಿದ ತಂಗಿಯ ಮಗ ವಾಂತಿ ಮಾಡಿಕೊಂಡ. ಖರ್ಚು ಮೂವತ್ತು ಸಾವಿರದ ಹತ್ತಿರ. ಅವ್ವ ಇಡೀ ದಿನ ಬ್ಯಾಗ್ ಕಾಯುತ್ತಾ ಕುಂತಳು. ಅದೇ ನನಗೆ ಬಹಳ ಕಡೀತು.

ಮರುವರ್ಷ ರೈಲಿಗೆ ಹೋದ್ವಿ. ಸ್ಟೇಷನ್‌ನಿಂದ ಪಾರ್ಕ್‌ಗೆ ಮೂರು ಆಟೋ ಮಾಡಿದ್ದರಲ್ಲೇ ಉಳಿಸಿದ್ದೆಲ್ಲ ಹೋಯಿತು.

ಆಮೇಲೆ ಹೊಳೆದದ್ದು ಕ್ಯಾಲೆಂಡರ್. 2024ರಲ್ಲಿ ತೆಲಂಗಾಣದ ಶಾಲೆಗಳು ದಸರಾ ರಜೆ ಮುಗಿಸಿ ಅಕ್ಟೋಬರ್ 15ಕ್ಕೆ ಶುರುವಾದವು, ನಮ್ಮ ಕಡೆ 20ರವರೆಗೂ ರಜೆ. ನಡುವಿನ ಬುಧವಾರ ಹಿಡಿದೆ. ಬೆಳಿಗ್ಗೆ ಐದೂವರೆಗೆ ಹೊರಟು ಜಹೀರಾಬಾದ್, ಸಂಗಾರೆಡ್ಡಿ ದಾಟಿ, ಪಟಾಂಚೆರು ಹತ್ತಿರ ಔಟರ್ ರಿಂಗ್ ರೋಡ್ ಹತ್ತಿದ್ವಿ. ಊರೊಳಗೆ ಚಕ್ರ ಇಡಲೇ ಇಲ್ಲ. ಪಾರ್ಕಿಂಗ್‌ನಲ್ಲಿ ಎಲ್ಲರಿಗೂ ಒಂದೊಂದು ಮುಷ್ಟಿ ಚುರುಮುರಿ ಸುಸಲಾ, ಅಷ್ಟೇ. ಹೊಟ್ಟೆ ಹಗುರ ಇದ್ದರೆ ವಾಂತಿ ಇಲ್ಲ. ನೈಲಾನ್ ಟೀ ಶರ್ಟ್, ಪ್ಯಾಂಟ್ ಬೀದರ್ ಪೇಟೆಯಲ್ಲೇ ಕೊಂಡಿದ್ದೆ, ಒಂದು ಜೊತೆಗೆ ಮುನ್ನೂರರಂತೆ ಬಿದ್ದ ನೆನಪು. ಲಾಕರ್ ಒಂದರ ಬದಲು ಎರಡು, ಬೀಗದ ಕೈ ಒಬ್ಬರ ಹತ್ತಿರವೇ ಉಳಿದರೆ ಹತ್ತು ಮಂದಿ ಒದ್ದೆ ಬಟ್ಟೆಯಲ್ಲಿ ಕಾಯಬೇಕು.

ನೀರಾಟ ಶುರುವಾಗುತ್ತಿದ್ದಂತೆ ಮಂದಿಯೆಲ್ಲ ಅಲೆಯ ಕೊಳಕ್ಕೆ ಓಡಿದರೆ ನಾವು ಬೇರೆ ಕಡೆ ಹೋದ್ವಿ. ಯಾವ ಸ್ಲೈಡಿನಿಂದ ಶುರು ಮಾಡಿದ್ವಿ ಅಂತ ಬರೆಯೋದಿಲ್ಲ. ಎಲ್ಲರೂ ಅಲ್ಲೇ ನಿಂತರೆ ಮುಂದಿನ ವರ್ಷ ನಮಗೇ ಸಾಲು. ಒಂದೂವರೆ ತಾಸಿನಲ್ಲಿ ದೊಡ್ಡ ಸ್ಲೈಡ್ ಎಲ್ಲ ಮುಗಿದವು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಕ್ಲೋರಿನ್ ನೀರಿಗೆ ಮಗಳ ಕೂದಲು ಪ್ರತಿ ಸಲ ಸಿಕ್ಕಾಗುತ್ತದೆ. ಹಿಂದಿನ ರಾತ್ರಿ ಒಂದು ಜಡೆಗೆ ತುಸು ಕೊಬ್ಬರಿ ಎಣ್ಣೆ ಹಚ್ಚಿದ್ದೆ, ಇನ್ನೊಂದಕ್ಕೆ ಏನೂ ಇಲ್ಲ. ಇಳಿಯುವ ಮೊದಲು ಎರಡನ್ನೂ ಶವರ್‌ನ ಸಿಹಿನೀರಲ್ಲಿ ತೋಯಿಸಿದ್ವಿ. ಸಂಜೆ ಎಣ್ಣೆ ಹಚ್ಚಿದ ಜಡೆಯಲ್ಲಿ ಬಾಚಣಿಗೆ ಸಲೀಸಾಗಿ ಇಳಿಯಿತು, ಇನ್ನೊಂದು ತೆಂಗಿನ ನಾರಿನಂತಾಗಿತ್ತು.

ಅವ್ವನಿಗೆ ಅರವತ್ಮೂರು, ಮೊಣಕಾಲು ನೋವು. ಟೀ ಶರ್ಟ್ ಹಾಕಿಕೊಂಡ ಮೇಲೂ ಟವೆಲ್ ಹೊದ್ದು ನಿಂತಿದ್ದಳು. ಅಲೆಯ ಕೊಳದ ಅಂಚಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ ಕೂರಿಸಿದೆ. ಸೈರನ್ ಆಯಿತು. "ಕೈ ಬಿಡಬ್ಯಾಡೋ ತಮ್ಮಾ" ಅಂತ ನನ್ನ ಮಣಿಕಟ್ಟು ಹಿಡಿದಳು, ಹಸಿರು ಬಳೆ ಒತ್ತಿ ಗುರುತು ಮೂಡಿತು. ಮೊದಲ ಅಲೆ ಎದೆಗೆ ಬಡಿಯಿತು. ಎರಡನೆಯದಕ್ಕೆ ಹಿಡಿತ ಸಡಿಲವಾಯಿತು. ಮೂರನೆಯದು ಬರೋ ಹೊತ್ತಿಗೆ ಎರಡೂ ಕೈಯಲ್ಲಿ ನೀರು ಬಡಿಯುತ್ತಿದ್ದಳು. ಐದಕ್ಕೆ ಮುಚ್ಚುತ್ತಾರೆ ಅಂದರೆ "ಇನ್ನೊಂದ್ ಸಲ ಬರ್ಲಿ ತಡಿ" ಅಂದಳು.

ಕ್ರೂಸರ್ ಏಳು ಸಾವಿರ, ಟಿಕೆಟ್ ಹತ್ತೂವರೆ ಸಾವಿರ, ಒಳಗಿನ ಮೊಸರನ್ನ, ಮೆಕ್ಕೆಜೋಳ ಸಾವಿರದ ಚಿಲ್ಲರೆ. ಬಟ್ಟೆ, ಲಾಕರ್ ಬಿಟ್ಟರೆ ಹತ್ತೊಂಬತ್ತು ಸಾವಿರದ ಒಳಗೆ ಹನ್ನೊಂದು ಮಂದಿ.

ಸಂಜೆ ಪಾರ್ಕಿಂಗ್‌ನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬಿಚ್ಚಿದ್ವಿ. ರೊಟ್ಟಿ ಮುರಿಯುತ್ತಾ ಅವ್ವ ಅಂದಳು: "ಬರೋ ದಸರಾಕ್ಕ ನಿಮ್ಮ ಕಾಕಾಗೂ ಒಂದ್ ಟೀ ಶರ್ಟ್ ತಂದಿಡು."