ಸಾಣೆ ಯಂತ್ರ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ: ದೋಷ ಎಲ್ಲಿದೆ?

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗಳಿಂದ ಹಿಡಿದು, ತಿಪಟೂರು ಸೀಮೆಯಲ್ಲಿ ಮಚ್ಚು, ಕುಡುಗೋಲುಗಳಿಗೆ ಸಾಣೆ ಹಿಡಿದುಕೊಡುವ ವೆಲ್ಡಿಂಗ್ ಶೆಡ್‌ಗಳವರೆಗೆ ಬೆಂಚ್ ಗ್ರೈಂಡರ್ (ಮೋಟಾರಿನ ಎರಡೂ ಬದಿಗೆ ಕಲ್ಲು ಕೂರಿಸಿದ ಸಾಣೆ ಯಂತ್ರ) ಇಲ್ಲದ ವರ್ಕ್‌ಶಾಪ್ ಅಪರೂಪ. ಅದು ನಿಂತುಹೋದಾಗ ಬಾಯಿಗೆ ಬರುವ ಮೊದಲ ಮಾತು ‘ಮೋಟಾರ್ ಸುಟ್ಟುಹೋಗಿದೆ’ ಎಂಬುದೇ. ಹಾಗೆಂದುಕೊಂಡು ಯಂತ್ರವನ್ನು ನೇರವಾಗಿ, ಒಳಗಿನ ತಂತಿಯ ಸುರುಳಿಯನ್ನು (ವೈಂಡಿಂಗ್) ಹೊಸದಾಗಿ ಸುತ್ತುವ ರಿವೈಂಡಿಂಗ್‌ಗೆ ಕೊಟ್ಟರೆ, ಮೋಟಾರ್ ಹೊರಡಲು ನೆರವಾಗುವ ಕೆಪಾಸಿಟರ್ ಎಂಬ ಬಿಡಿಭಾಗ ಒಂದನ್ನೇ ಬದಲಾಯಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ತಾಮ್ರದ ತಂತಿಯ ಖರ್ಚು ಬೀಳಬಹುದು. ಆದ್ದರಿಂದ ಪರೀಕ್ಷೆಯನ್ನು ಹೊರಗಿನಿಂದ ಒಳಕ್ಕೆ, ಅಗ್ಗದ ಭಾಗದಿಂದ ದುಬಾರಿ ಭಾಗದ ಕಡೆಗೆ ನಡೆಸುವುದೇ ಸರಿಯಾದ ಕ್ರಮ.

ಸ್ವಿಚ್ ಹಾಕಿದಾಗ ಯಂತ್ರ ಸದ್ದನ್ನೇ ಮಾಡುವುದಿಲ್ಲವೇ, ಅಥವಾ ಗುಂಯ್ ಎಂದು ಅಲ್ಲೇ ನಿಲ್ಲುತ್ತದೆಯೇ ಎಂಬುದನ್ನು ಮೊದಲು ಗಮನಿಸಬೇಕು. ಸದ್ದೇ ಇಲ್ಲವೆಂದರೆ ಕರೆಂಟು ಮೋಟಾರನ್ನು ತಲುಪುತ್ತಿಲ್ಲ ಅಥವಾ ವೈಂಡಿಂಗ್ ಒಳಗೆ ತುಂಡಾಗಿದೆ ಎಂದರ್ಥ. ಅದೇ ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಹಾಕಿ ನೋಡಿ, ದೀಪ ಉರಿದರೆ ಪ್ಲಗ್ ಕಳಚಿ, ಪ್ಲಗ್ಗಿನ ಸ್ಕ್ರೂಗಳನ್ನೂ ವಯರ್ ಯಂತ್ರದೊಳಗೆ ಹೋಗುವ ಜಾಗವನ್ನೂ ಪರೀಕ್ಷಿಸಬೇಕು. ವಯರ್ ಸಾಮಾನ್ಯವಾಗಿ ತುಂಡಾಗುವುದು ಅಲ್ಲಿಯೇ. ಅನಂತರ ಮಲ್ಟಿಮೀಟರಿನಿಂದ ಸ್ವಿಚ್ಚನ್ನು ನೋಡಬೇಕು. ಕಬ್ಬಿಣದ ಧೂಳು ಸ್ವಿಚ್ಚಿನೊಳಗೆ ಸೇರಿ ಅದು ಕೆಡುವುದು ಈ ಯಂತ್ರಕ್ಕೆ ಅಂಟಿಕೊಂಡ ರೋಗ.

ಗುಂಯ್ ಎನ್ನುವ ಸದ್ದು ಬಂದು ಕಲ್ಲು ತಿರುಗದಿದ್ದರೆ ಒಂದೆರಡು ಸೆಕೆಂಡಿನೊಳಗೆ ಸ್ವಿಚ್ ಆಫ್ ಮಾಡಬೇಕು. ತಿರುಗದೆ ನಿಂತ ಮೋಟಾರ್ ತನ್ನ ಪ್ಲೇಟಿನ ಮೇಲೆ ಬರೆದಿರುವುದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ನೋಡೋಣವೆಂದು ಹಾಗೆಯೇ ಬಿಟ್ಟರೆ ಅಲ್ಲಿಯವರೆಗೆ ಚೆನ್ನಾಗಿದ್ದ ವೈಂಡಿಂಗ್ ಕೂಡ ಸುಡುತ್ತದೆ. ಪ್ಲಗ್ ಕಿತ್ತ ಮೇಲೆ ಕಲ್ಲನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ಬೇರಿಂಗ್ ಹಿಡಿದುಕೊಂಡಿದೆ, ಅಥವಾ ಸಾಣೆ ಹಿಡಿಯುವಾಗ ಉಪಕರಣವನ್ನು ಊರುವ ಟೂಲ್ ರೆಸ್ಟ್ ಕಲ್ಲಿಗೆ ತಾಗುತ್ತಿದೆ. ಸಲೀಸಾಗಿ ತಿರುಗಿದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಸಿಂಗಲ್ ಫೇಸ್ ಮೋಟಾರಿಗೆ ತಾನಾಗಿಯೇ ಒಂದು ದಿಕ್ಕಿಗೆ ಹೊರಡುವ ಶಕ್ತಿ ಇರುವುದಿಲ್ಲ. ಸ್ಟಾರ್ಟಿಂಗ್ ವೈಂಡಿಂಗಿನ ಕರೆಂಟನ್ನು ಮುಖ್ಯ ವೈಂಡಿಂಗಿನದಕ್ಕಿಂತ ಮುಂದಕ್ಕೆ ಸರಿಸಿ ಆ ದಿಕ್ಕನ್ನು ಕೊಡುವುದು ಕೆಪಾಸಿಟರ್. ಸ್ವಿಚ್ ಹಾಕಿ ಕಲ್ಲನ್ನು ಕೈಯಿಂದ ತಳ್ಳಿ ಓಡಿಸುವ ಅಭ್ಯಾಸ ಕೆಲವರಿಗಿದೆ, ಮತ್ತು ಕೆಪಾಸಿಟರ್ ಕೆಟ್ಟಾಗ ಮೋಟಾರ್ ಹಾಗೆ ಓಡುವುದೂ ಉಂಟು. ಬೆರಳು ಬೇಕೆನ್ನುವವರು ಅದನ್ನು ಮಾಡಬಾರದು.

ಕೆಪಾಸಿಟರನ್ನು ಮುಟ್ಟುವ ಮುನ್ನ ಅದರಲ್ಲಿ ಉಳಿದಿರುವ ಚಾರ್ಜನ್ನು ಖಾಲಿ ಮಾಡಬೇಕು. ಸ್ಕ್ರೂಡ್ರೈವರಿನಿಂದ ಎರಡು ತುದಿಗಳನ್ನು ಕೂಡಿಸಿ ಚಟಾರೆಂದು ಕಿಡಿ ಹಾರಿಸುವ ಬದಲು, ಹೋಲ್ಡರಿಗೆ ಹಾಕಿದ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬಿನ ಎರಡು ವಯರುಗಳನ್ನು ಕೆಪಾಸಿಟರಿನ ಎರಡು ತುದಿಗಳಿಗೆ ಕೆಲವು ಕ್ಷಣ ತಾಗಿಸಿದರೆ ಸಾಕು. ಹೊಟ್ಟೆ ಉಬ್ಬಿದ, ಎಣ್ಣೆ ಜಿನುಗಿದ ಕೆಪಾಸಿಟರನ್ನು ಅಳೆಯುವ ಅಗತ್ಯವೇ ಇಲ್ಲ. ಉಳಿದದ್ದನ್ನು ಕೆಪಾಸಿಟೆನ್ಸ್ ಅಳೆಯುವ ಮೀಟರಿನಲ್ಲಿ ನೋಡಿ, ಮೈಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ಶೇ 10ಕ್ಕೂ ಹೆಚ್ಚು ಇಳಿದಿದ್ದರೆ ಬದಲಾಯಿಸಬೇಕು. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು. ವೋಲ್ಟ್ ಮಾತ್ರ ಅಷ್ಟೇ ಅಥವಾ ಹೆಚ್ಚಿರಬಹುದು.

ಕೆಪಾಸಿಟರ್ ಸರಿಯಾಗಿದ್ದೂ ಮೋಟಾರ್ ಹೊರಡದಿದ್ದರೆ, ಕೆಲವು ಮಾದರಿಗಳಲ್ಲಿ ಹಿಂಬದಿಯ ಮುಚ್ಚಳದೊಳಗೆ ಇರುವ ಸೆಂಟ್ರಿಫ್ಯೂಗಲ್ ಸ್ವಿಚ್ಚನ್ನು ನೋಡಬೇಕಾಗುತ್ತದೆ. ಮೋಟಾರ್ ವೇಗದ ಮುಕ್ಕಾಲು ಭಾಗ ತಲುಪುವಾಗ ಇದು ಟಿಕ್ ಎಂದು ಬಿಟ್ಟುಕೊಂಡು ಸ್ಟಾರ್ಟಿಂಗ್ ವೈಂಡಿಂಗನ್ನು ಬೇರ್ಪಡಿಸುತ್ತದೆ. ಇದರ ಪಾಯಿಂಟುಗಳಲ್ಲಿ ಕಪ್ಪು ಮಸಿ ಕೂತಿದ್ದರೆ ಮೋಟಾರ್ ಹೊರಡುವುದಿಲ್ಲ. ಪಾಯಿಂಟುಗಳು ಅಂಟಿಕೊಂಡಿದ್ದರೆ ಹೊರಡುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲೇ ಕೈ ಇಡಲಾಗದಷ್ಟು ಕಾಯುತ್ತದೆ. ನಯವಾದ ಎಮರಿ ಕಾಗದದಿಂದ ಉಜ್ಜಿ, ಧೂಳು ಊದಿ, ಸ್ಪ್ರಿಂಗ್ ಸಲೀಸಾಗಿ ಚಲಿಸುವುದನ್ನು ಖಚಿತಪಡಿಸಿಕೊಳ್ಳಬೇಕು.

ತಿರುಗುತ್ತದೆ, ಆದರೆ ಉಳಿಯನ್ನು ಒತ್ತಿದೊಡನೆ ಕಲ್ಲು ನಿಲ್ಲುತ್ತದೆ ಎಂಬ ದೂರಿನಲ್ಲಿ ದೋಷ ಯಂತ್ರದ್ದೇ ಆಗಿರಬೇಕೆಂದಿಲ್ಲ. ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿಯುತ್ತದೆ, ಮತ್ತು ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ವೋಲ್ಟ್ ಇರಬೇಕಾದಲ್ಲಿ 180 ಸಿಕ್ಕಿದರೆ ಬಲ ಸುಮಾರು ಶೇ 60ಕ್ಕೆ ಕುಸಿಯುತ್ತದೆ. ಯಂತ್ರ ಓಡುತ್ತಿರುವಾಗಲೇ ಅದೇ ಬೋರ್ಡಿನಲ್ಲಿ ವೋಲ್ಟೇಜ್ ಅಳೆಯಬೇಕು. ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವಯರ್ ಇದ್ದರೆ ಮೊದಲು ಅದನ್ನು ತೆಗೆದು ನೋಡಬೇಕು. ಥ್ರೀ ಫೇಸ್ ಯಂತ್ರವಾದರೆ ಮೂರೂ ಫೇಸುಗಳು ಬರುತ್ತಿವೆಯೇ ಎಂಬುದು ಮೊದಲ ಪ್ರಶ್ನೆ, ಏಕೆಂದರೆ ಒಂದು ಕೈಕೊಟ್ಟರೂ ಮೋಟಾರ್ ಹೊರಡುವುದಿಲ್ಲ, ಓಡುತ್ತಿದ್ದದ್ದು ಕಾದು ಸುಡುತ್ತದೆ.

ಬೇರಿಂಗ್ ಸವೆದಿದ್ದರೆ ಗೊರಗೊರ ಸದ್ದಿನ ಜತೆ ಶಾಫ್ಟ್ ಮೇಲೆ ಕೆಳಗೆ ಆಡುತ್ತದೆ. ಅದರ ಮೇಲೆ ಕೊರೆದಿರುವ ನಂಬರನ್ನೇ ತೋರಿಸಿ ಎರಡೂ ಬದಿಯ ಮುಚ್ಚಳವಿರುವ ಬೇರಿಂಗ್ ತರಬೇಕು. ಸಾಣೆಯ ಪುಡಿ ಹಾರುವಲ್ಲಿ ತೆರೆದ ಬೇರಿಂಗ್ ಬಾಳುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆಯೇ ವೈಂಡಿಂಗಿನ ಸರದಿ. ಮೂರು ತುದಿಗಳಿರುವ ಸಿಂಗಲ್ ಫೇಸ್ ಮೋಟಾರಿನಲ್ಲಿ ಕಾಮನ್ನಿನಿಂದ (ಎರಡೂ ವೈಂಡಿಂಗ್ ಕೂಡುವ ತುದಿ) ರನ್ನಿಂಗಿಗೆ (ಮುಖ್ಯ ವೈಂಡಿಂಗಿನ ತುದಿ) ಬರುವ ಓಮ್ಸ್, ಕಾಮನ್ನಿನಿಂದ ಸ್ಟಾರ್ಟಿಂಗಿಗೆ ಬರುವ ಓಮ್ಸ್, ಇವೆರಡರ ಮೊತ್ತ ರನ್ನಿಂಗ್ ಮತ್ತು ಸ್ಟಾರ್ಟಿಂಗ್ ನಡುವಿನ ಓಮ್ಸಿಗೆ ಸರಿಹೊಂದಬೇಕು. ವೈಂಡಿಂಗಿಗೂ ಬಾಡಿಗೂ ನಡುವೆ 500 ವೋಲ್ಟಿನ ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) 1 ಮೆಗಾ ಓಮಿಗಿಂತ ಕಡಿಮೆ ಬಂದರೆ, ಅಥವಾ ಮುಚ್ಚಳ ತೆರೆದೊಡನೆ ಸುಟ್ಟ ವಾರ್ನಿಷಿನ ವಾಸನೆ ಹೊಡೆದು ತಂತಿ ಕಪ್ಪಾಗಿದ್ದರೆ, ಸಾಮಾನ್ಯವಾಗಿ ರಿವೈಂಡಿಂಗ್ ಬೇಕಾಗುತ್ತದೆ.

ಮರಳಿ ಜೋಡಿಸುವಾಗ ಎಡಬದಿಯ ನಟ್ಟಿಗೆ ಎಡಮರೆ (ಲೆಫ್ಟ್ ಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದು) ಇರುತ್ತದೆ ಎಂಬುದು ನೆನಪಿರಲಿ. ಕಲ್ಲು ಉಲ್ಟಾ ತಿರುಗಿದರೆ ಎರಡೂ ನಟ್ಟುಗಳು ಸಡಿಲವಾಗುತ್ತವೆ. ಕಲ್ಲನ್ನು ಬೆರಳಲ್ಲಿ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲನೆ ತಟ್ಟಬೇಕು, ಬಿರುಕಿದ್ದರೆ ಸದ್ದು ಮಂಕಾಗಿರುತ್ತದೆ. ನಿಮಿಷಕ್ಕೆ 2850 ಸುತ್ತು ತಿರುಗುವ 150 ಮಿಲಿಮೀಟರ್ ಕಲ್ಲಿನ ಅಂಚು ಸೆಕೆಂಡಿಗೆ ಸುಮಾರು 22 ಮೀಟರ್ ವೇಗದಲ್ಲಿರುತ್ತದೆ. ಆದ್ದರಿಂದ ಕಲ್ಲಿನ ರಕ್ಷಣೆಯ ಮುಚ್ಚಳವಾದ ಗಾರ್ಡ್ ಹಾಕಿ, ಟೂಲ್ ರೆಸ್ಟನ್ನು ಕಲ್ಲಿನಿಂದ 3 ಮಿಲಿಮೀಟರಿಗೆ ಮೀರದ ಅಂತರದಲ್ಲಿ ಬಿಗಿದು, ಸ್ವಿಚ್ ಹಾಕಿದ ಮೊದಲ ನಿಮಿಷ ಕಲ್ಲಿನ ಎದುರು ನಿಲ್ಲದೆ ಪಕ್ಕಕ್ಕೆ ನಿಂತು ನೋಡಬೇಕು.